ಒತ್ತಕ್ಷರ ಒಡೆಯದಿರಲಿ

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಜಾರಿಗೆ ಬಂದಾಗ, ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಗೆ ಸೇರಿದ್ದ ಜಹೀರಾಬಾದ್ ಮತ್ತು ನಾರಾಯಣಖೇಡ, ಗುಲ್ಬರ್ಗಾ ಜಿಲ್ಲೆಗೆ ಸೇರಿದ್ದ ತಾಂಡೂರು ಆಂಧ್ರಪ್ರದೇಶದ ಪಾಲಾದವು. ಇಂದು ಅವು ತೆಲಂಗಾಣದಲ್ಲಿವೆ. ಗಡಿ ಸರಿದರೂ ಅಲ್ಲಿನ ಅನೇಕ ಮನೆಗಳಲ್ಲಿ ಮಾತು ಕನ್ನಡವಾಗಿಯೇ ಉಳಿಯಿತು. ಅಂಥ ಮನೆಯ ಮಕ್ಕಳಿಗೆ ಕನ್ನಡದ ಪುಸ್ತಕದಂಗಡಿಗಿಂತ ಮೊಬೈಲಿನ ತೆರೆಯೇ ಹತ್ತಿರ. ಆದುದರಿಂದ ತೆರೆಯ ಮೇಲೆ ಕನ್ನಡದ ಅಕ್ಷರ ಹೇಗೆ ನಡೆದುಕೊಳ್ಳುತ್ತದೆ ಎಂಬುದು ತಂತ್ರಜ್ಞರ ಚಿಂತೆ ಮಾತ್ರವಲ್ಲ.

ಜಾಲಪುಟ ರಚಿಸುವವರು ತಮ್ಮ ಸಂಕೇತಬರಹ ಎಲ್ಲ ಬ್ರೌಸರುಗಳಲ್ಲಿಯೂ ನಡೆಯುವುದೇ ಎಂದು ತಿಳಿಯಲು ಪರೀಕ್ಷಕ ಉಪಕರಣಗಳನ್ನು ಬಳಸುತ್ತಾರೆ. ಉಪಕರಣವು ಬರಹವನ್ನು ಬಿಡಿಸಿ, ಅದರಲ್ಲಿ ಬಳಕೆಯಾದ ಒಂದೊಂದು ಸೌಲಭ್ಯವನ್ನೂ ಪಟ್ಟಿಯೊಂದಕ್ಕೆ ಹೋಲಿಸುತ್ತದೆ. ಯಾವ ಬ್ರೌಸರಿನ ಯಾವ ಆವೃತ್ತಿಯಿಂದ ಆ ಸೌಲಭ್ಯ ದೊರೆಯುತ್ತದೆ ಎಂಬುದು ಆ ಪಟ್ಟಿಯಲ್ಲಿರುತ್ತದೆ. ದೊರೆಯದಿದ್ದರೆ ಉಪಕರಣ ಎಚ್ಚರಿಸುತ್ತದೆ. ಇದು ಉಪಯುಕ್ತವಾದ ಕೆಲಸ. ಆದರೆ ಕನ್ನಡಕ್ಕೆ ಸಾಲದು.

ಪದವನ್ನು ಅಕ್ಷರಗಳಾಗಿ ವಿಭಜಿಸುವ 'ಇಂಟ್ಲ್ ಸೆಗ್ಮೆಂಟರ್' ಎಂಬ ಸೌಲಭ್ಯವನ್ನೇ ನೋಡಬಹುದು. ಅದು ಕ್ರೋಮ್‌ಗೆ 2020ರಲ್ಲಿ, ಸಫಾರಿಗೆ 2021ರಲ್ಲಿ, ಫೈರ್‌ಫಾಕ್ಸ್‌ಗೆ 2024ರಲ್ಲಿ ಬಂದಿತು. ಪರೀಕ್ಷಕ ಉಪಕರಣದ ದೃಷ್ಟಿಯಲ್ಲಿ ಅಲ್ಲಿಗೆ ವಿಷಯ ಮುಗಿಯಿತು. ವಿಭಜನೆ ಸರಿಯೋ ತಪ್ಪೋ ಎಂದು ಅದು ಕೇಳುವುದಿಲ್ಲ.

ಕೇಳಬೇಕಾದುದು ಅದನ್ನೇ. 'ಸ್ತ್ರೀ' ಎಂಬುದು ಓದುವವರಿಗೆ ಒಂದೇ ಅಕ್ಷರ. ಪದಬಂಧದಲ್ಲಿ ಅದಕ್ಕೆ ಒಂದೇ ಮನೆ. ಗಣಕದ ಯುನಿಕೋಡ್ ವ್ಯವಸ್ಥೆಯಲ್ಲಿ ಅದು ಆರು ಸಂಕೇತಗಳ ಸಾಲು. ಈ ಆರನ್ನು ಎಲ್ಲಿ ತುಂಡರಿಸಬಹುದು ಎಂಬುದಕ್ಕೆ ಯುನಿಕೋಡ್ ನಿಯಮವಿದೆ. 2023ರ 15.1ನೆಯ ಆವೃತ್ತಿಯಲ್ಲಿ ಸಂಯುಕ್ತಾಕ್ಷರವನ್ನು ಒಡೆಯದೆ ಇಡುವ ಹೊಸ ನಿಯಮ ಸೇರಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ ಅದು ಅನ್ವಯಿಸಿತು. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ಆ ನಿಯಮದಂತೆ ತೆಲುಗಿನ 'ಸ್ತ್ರೀ' ಇಡಿಯಾಗಿ ಉಳಿಯುತ್ತದೆ. ಕನ್ನಡದ 'ಸ್ತ್ರೀ' ಮಾತ್ರ ಸ್, ತ್, ರೀ ಎಂದು ಮೂರಾಗುತ್ತದೆ. ಯುನಿಕೋಡ್ ಕೋಷ್ಟಕದಲ್ಲಿ ತಲಾ 128 ಸ್ಥಾನಗಳೊಡನೆ ಅಕ್ಕಪಕ್ಕದಲ್ಲೇ ಇರುವ ಈ ಸೋದರ ಲಿಪಿಗಳಿಗೆ ಎರಡು ನ್ಯಾಯ!

ಅಳಿಸುವಾಗ ಒತ್ತನ್ನು ಮಾತ್ರ ತೆಗೆಯುವಂತಿದ್ದರೆ ಅನುಕೂಲವಲ್ಲವೇ ಎಂಬ ಆಕ್ಷೇಪವುಂಟು. ಅದು ನಿಜ. ಆದರೆ ಅಳಿಸುವಿಕೆ ಬೇರೆ, ಎಣಿಕೆ ಬೇರೆ. ಭಾಷೆಗೆ ತಕ್ಕಂತೆ ನಿಯಮವನ್ನು ಹೊಂದಿಸಿಕೊಳ್ಳಲು ಯುನಿಕೋಡೇ ಅವಕಾಶ ನೀಡಿದೆ. ಮೊದಲಕ್ಷರವನ್ನು ದೊಡ್ಡದಾಗಿ ತೋರಿಸುವಾಗ, ಉದ್ದನೆಯ ಹೆಸರನ್ನು ಮೊಟಕುಗೊಳಿಸುವಾಗ, ಮಕ್ಕಳಿಗೆ ಅಕ್ಷರ ಕಲಿಸುವಾಗ ಒಡೆದ ಒತ್ತಕ್ಷರ ತಪ್ಪು ಪಾಠವನ್ನೇ ಹೇಳುತ್ತದೆ.

ಆದುದರಿಂದ ಕನ್ನಡಕ್ಕಾಗಿ ಪರೀಕ್ಷಕ ಉಪಕರಣ ಕಟ್ಟುವವರು ಸೌಲಭ್ಯಗಳ ಪಟ್ಟಿಯೊಡನೆ ಪದಗಳ ಪಟ್ಟಿಯನ್ನೂ ಇಡಬೇಕು: ರಾಷ್ಟ್ರ, ಲಕ್ಷ್ಮಿ, ವಸ್ತ್ರ, ಸ್ವಾತಂತ್ರ್ಯ. ಪ್ರತಿಯೊಂದರ ಮುಂದೆಯೂ ಅದರಲ್ಲಿರುವ ಅಕ್ಷರಗಳ ಸಂಖ್ಯೆ ಇರಬೇಕು. ಬ್ರೌಸರಿನ ಎಣಿಕೆ ಅದಕ್ಕೆ ಹೊಂದದಿದ್ದರೆ ಉಪಕರಣ ಎಚ್ಚರಿಸಬೇಕು.

ಈ ಪಟ್ಟಿಯನ್ನು ಸಿದ್ಧಪಡಿಸಲು ತಂತ್ರಾಂಶದ ಪದವಿ ಬೇಕಿಲ್ಲ. ವರ್ಣ, ಗುಣಿತಾಕ್ಷರ, ಸಂಯುಕ್ತಾಕ್ಷರಗಳ ತಿಳಿವಳಿಕೆ ಬೇಕು. ಅದು ಕನ್ನಡ ಐಚ್ಛಿಕ ವಿದ್ಯಾರ್ಥಿಗಳ ಪಠ್ಯದಲ್ಲಿಯೇ ಇದೆ. ಗಡಿಯ ಊರುಗಳಲ್ಲಿ ಎರಡೂ ಲಿಪಿ ಬಲ್ಲವರಂತೂ ತೆಲುಗು, ಕನ್ನಡಗಳನ್ನು ಪಕ್ಕಪಕ್ಕದಲ್ಲಿರಿಸಿ ವ್ಯತ್ಯಾಸವನ್ನು ಒಡನೆಯೇ ತೋರಿಸಬಲ್ಲರು. ಕೇಶಿರಾಜನನ್ನು ಪರೀಕ್ಷೆಗಾಗಿ ಮಾತ್ರ ಓದಬೇಕೆಂಬ ನಿಯಮವೇನೂ ಇಲ್ಲ. ಅಕ್ಷರವೆಂದರೇನೆಂದು ಬಲ್ಲವರು ಸುಮ್ಮನಿದ್ದರೆ, ಬಲ್ಲದವರೇ ಅದನ್ನು ನಿರ್ಧರಿಸುತ್ತಾರೆ.