ಶಾಂಟೆ ಅವರ ಜಾಗ ಎಲ್ಲಿ?

2025ರ ಫೆಬ್ರುವರಿ ಮೊದಲ ವಾರಾಂತ್ಯದಲ್ಲಿ ಗ್ರ್ಯಾಮಿ ಕೊಡುವ ರೆಕಾರ್ಡಿಂಗ್ ಅಕಾಡೆಮಿ ರ‍್ಯಾಪ್ ಗಾಯಕಿ ರಾಕ್ಸ್ಯಾನ್ ಶಾಂಟೆ ಅವರಿಗೆ ಜೀವಮಾನ ಸಾಧನೆಯ ಗೌರವ ನೀಡಿತು. ಮರುದಿನ ಯುವ ಗಾಯಕಿ ಡೋಚಿ ಅತ್ಯುತ್ತಮ ರ‍್ಯಾಪ್ ಆಲ್ಬಂ ಪ್ರಶಸ್ತಿ ಗೆದ್ದರು. ಲಾರಿನ್ ಹಿಲ್, ಕಾರ್ಡಿ ಬಿ ನಂತರ ಅದು ಸಿಕ್ಕ ಮೂರನೆಯ ಮಹಿಳೆ ಎಂದು ಸುದ್ದಿಯಾಯಿತು. ಶಾಂಟೆ ಅವರನ್ನೂ ಮಹಿಳೆಯರ ಪಟ್ಟಿಯಲ್ಲೇ ಸೇರಿಸಿ ಹೊಗಳಲಾಯಿತು. ಹೊಗಳಿಕೆ ಸಲ್ಲಬೇಕಾದದ್ದೇ, ಆದರೆ ಆ ಪಟ್ಟಿ ಅವರಿಗೆ ಚಿಕ್ಕದು. ಸವಾಲೆಸೆದು ಜಗಳವಾಡುವ ಹಾಡುಗಾರಿಕೆ ಹಿಪ್‌ಹಾಪ್‌ನ ಜೀವಾಳ. ವೇದಿಕೆಯಲ್ಲಿದ್ದ ಆ ಜಗಳ ರೆಕಾರ್ಡಿನಲ್ಲಿ ಬೇರೂರಲು ಮುಖ್ಯ ಕಾರಣ ಅವರು.

1984ರಲ್ಲಿ ಬ್ರೂಕ್ಲಿನ್‌ನ ಯುಟಿಎಫ್‌ಒ ತಂಡದ ಹಾಡೊಂದು ನ್ಯೂಯಾರ್ಕಿನಲ್ಲಿ ಮನೆಮಾತಾಗಿತ್ತು. ರಾಕ್ಸ್ಯಾನ್ ಎಂಬ ಹುಡುಗಿಯ ಬೆನ್ನು ಬಿದ್ದ ಮೂವರು, ಆಕೆ ಕ್ಯಾರೇ ಅನ್ನದ್ದಕ್ಕೆ ಅವಳಿಗೆ ಸೊಕ್ಕು ಎಂದು ದೂರುವ ಹಾಡು ಅದು. ಹಾಡಿನುದ್ದಕ್ಕೂ ಅವರದೇ ಮಾತು. ಒಪ್ಪಿದ್ದ ಕಾರ್ಯಕ್ರಮಕ್ಕೆ ಈ ತಂಡ ಕೈಕೊಟ್ಟಿತೆಂದು ರೇಡಿಯೊದ ಮಿಸ್ಟರ್ ಮ್ಯಾಜಿಕ್ ಮತ್ತು ಡಿಜೆ ಮಾರ್ಲಿ ಮಾರ್ಲ್ ಸಿಟ್ಟಾಗಿದ್ದರು. ಉತ್ತರ ನಾನು ಕೊಡುತ್ತೇನೆ ಎಂದವಳು ಕ್ವೀನ್ಸ್‌ಬ್ರಿಡ್ಜ್ ಸರ್ಕಾರಿ ವಸತಿ ಸಮುಚ್ಚಯದ 14 ವರ್ಷದ ಹುಡುಗಿ, ಲೊಲಿಟಾ ಶಾಂಟೆ ಗುಡೆನ್. ಮಾರ್ಲ್ ಮನೆಯಲ್ಲಿ, ಯುಟಿಎಫ್‌ಒದ್ದೇ ತಾಳದ ಮೇಲೆ ಆಕೆ ಹಾಡಿದಳು. ರಾಕ್ಸ್ಯಾನ್ ಎಂಬ ಹೆಸರನ್ನು ತಾನೇ ತೊಟ್ಟು, ಆ ಮೂವರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಜಾಡಿಸಿದಳು. ನಮ್ಮ ಹರದೇಶಿ–ನಾಗೇಶಿ ಮೇಳಗಳನ್ನು ಕೇಳಿದವರಿಗೆ ಈ ಪಟ್ಟು ಗೊತ್ತು: ಎದುರಾಳಿಯ ಮಾತನ್ನೇ ಹಿಡಿದು ಎದುರಾಳಿಗೇ ತಿರುಗಿಸುವುದು.

ಆ ಹಾಡಿಗೆ ಉತ್ತರ, ಉತ್ತರಕ್ಕೆ ಮತ್ತೊಂದು ಉತ್ತರ ಎಂದು ಡಜನ್‌ಗಟ್ಟಲೆ ರೆಕಾರ್ಡುಗಳು ಬಂದವು. ರ‍್ಯಾಪ್ ಗಾಯಕ ಕೆಆರ್‌ಎಸ್-ಒನ್ ಮತ್ತು ಮಾರ್ಲ್, ಶಾಂಟೆ ಅವರಿದ್ದ ಜ್ಯೂಸ್ ಕ್ರೂ ತಂಡದ ನಡುವಿನ ಹೆಸರಾಂತ ಜಗಳ ಇದರ ನಂತರದ್ದು. ಅದರಲ್ಲಿ ಕೆಆರ್‌ಎಸ್-ಒನ್ ಬೈದದ್ದು ಶಾಂಟೆ ಅವರ ಕಲೆಯನ್ನಲ್ಲ, ಹೆಣ್ಣುತನವನ್ನು. ಹಿಪ್‌ಹಾಪ್ ಇತಿಹಾಸ ಬರೆಯುವವರು ರೆಕಾರ್ಡಿನ ಜಗಳಗಳ ಅಧ್ಯಾಯವನ್ನು ಶಾಂಟೆ ಅವರಿಂದಲೇ ಶುರು ಮಾಡಬೇಕು. ಕೊನೆಯಲ್ಲೊಂದು ಮಹಿಳಾ ಅಧ್ಯಾಯ ಸೇರಿಸಿ ಅವರನ್ನು ಅಲ್ಲಿಗೆ ಕಳಿಸುವುದು ಅನ್ಯಾಯ.

1985ರಲ್ಲಿ ನ್ಯೂ ಮ್ಯೂಸಿಕ್ ಸೆಮಿನಾರ್‌ನ ರ‍್ಯಾಪ್ ಸ್ಪರ್ಧೆಯಲ್ಲಿ ಅವರು ಗಾಯಕ ಬಿಝಿ ಬೀ ಎದುರು ಸೋತರು. ಹುಡುಗಿ ಗೆದ್ದರೆ ಈ ಕಲೆಗೆ ಮರ್ಯಾದೆ ಸಿಗದು ಎಂದು ತೀರ್ಪುಗಾರರೊಬ್ಬರು ಅಂಕ ಕಡಿಮೆ ಕೊಟ್ಟರು ಎಂದು ಶಾಂಟೆ ಹೇಳಿದ್ದಾರೆ. 1989ರಲ್ಲಿ ಅವರ ಮೊದಲ ಆಲ್ಬಂ ಬರುವ ಹೊತ್ತಿಗೆ, ಮತ್ತೊಬ್ಬ ಗಾಯಕಿ ಎಂಸಿ ಲೈಟ್ ಆಗಲೇ ತಮ್ಮ ಪೂರ್ಣ ಆಲ್ಬಂ ತಂದು ವರ್ಷವಾಗಿತ್ತು. 1992ರ ‘ಬಿಗ್ ಮಾಮಾ’ ಹಾಡಿನಲ್ಲಿ ಶಾಂಟೆ ತಮ್ಮ ಓರಗೆಯ ಗಾಯಕಿಯರನ್ನೇ ಹೆಸರಿಟ್ಟು ಜರೆದರು. ಆ ಹಾಡು ನನಗೆ ನೋವು ತರುತ್ತದೆ. ಹೆಣ್ಣುಮಕ್ಕಳಿಗೆ ಒಂದೇ ಕುರ್ಚಿ ಹಾಕಿದ್ದ ಉದ್ಯಮದಲ್ಲಿ ಅವರು ಒಬ್ಬರನ್ನೊಬ್ಬರು ತಳ್ಳುವಂತಾಯಿತು. ಕುರ್ಚಿ ಹಾಕಿದವರನ್ನು ಯಾರೂ ಕೇಳಲಿಲ್ಲ.

‘ಬಿಗ್ ಮಾಮಾ’ದಲ್ಲಿ ಜರೆಸಿಕೊಂಡವರಲ್ಲಿ ಕ್ವೀನ್ ಲತೀಫಾ ಒಬ್ಬರು. ಮರುವರ್ಷ ಬಂದ ಲತೀಫಾ ಅವರ ‘ಯುನಿಟಿ’ ಹಾಡು, ಬೀದಿಯಲ್ಲಿ ಮೈಮುಟ್ಟಿದವನಿಗೆ ತಿರುಗಿ ಹೊಡೆಯುವ ಹೆಣ್ಣಿನದು. 1995ರಲ್ಲಿ ಅದಕ್ಕೆ ಗ್ರ್ಯಾಮಿ ಬಂತು. ಬೀದಿಯ ಹುಡುಗರಿಗೆ ರೆಕಾರ್ಡಿನಲ್ಲಿ ಎದುರು ಮಾತಾಡಬಹುದೆಂದು ‘ಯುನಿಟಿ’ಗಿಂತ ಒಂಬತ್ತು ವರ್ಷ ಮೊದಲೇ ತೋರಿಸಿಕೊಟ್ಟಿದ್ದವಳು ಕ್ವೀನ್ಸ್‌ಬ್ರಿಡ್ಜ್‌ನ ಆ ಹುಡುಗಿ.