ಹಳೆಯ ಮಾರುತಿಗೆ ಹೊಸ ದಂಡ

ಕಳೆದ ತಿಂಗಳು ಬೆಂಗಳೂರಿನಿಂದ ಬಂದಿದ್ದ ನನ್ನ ಅಣ್ಣನ ಮಗ, ಅಂಗಳದಲ್ಲಿದ್ದ ನನ್ನ ಮಾರುತಿ 800ರ ಸುತ್ತ ಒಂದು ಪ್ರದಕ್ಷಿಣೆ ಬಂದು, "ಕಾಕಾ, ಇದನ್ನ ಇನ್ನೂ ಇಟ್ಟೀರೇನ್ರಿ? ಗುಜರಿಗೆ ಹಾಕಿಬಿಡ್ರಿ" ಎಂದ. ಹುಡುಗನ ಮೇಲೆ ನಾನು ಸಿಟ್ಟಾಗಲಿಲ್ಲ. ಆದರೆ ಅದೇ ಮಾತನ್ನು ಈಗ ಸರಕಾರವೂ ಆಡತೊಡಗಿದೆ. ಹುಡುಗನಿಗೆ ಚಹಾ ಕೊಟ್ಟು ಸುಮ್ಮನಾಗಿಸಬಹುದು. ಸರಕಾರಕ್ಕೆ ಉತ್ತರ ಹೇಳಲೇಬೇಕು.

ಸ್ವಂತ ಬಳಕೆಯ ಕಾರಿಗೆ ಹದಿನೈದು ವರ್ಷ ತುಂಬಿದರೆ ನೋಂದಣಿ ನವೀಕರಿಸಬೇಕು, ಮುಂದೆ ಐದೈದು ವರ್ಷಕ್ಕೊಮ್ಮೆ. ಇದು ಹಳೆಯ ಕಟ್ಟಳೆ. ಇದಕ್ಕೆ ನನ್ನ ತಕರಾರಿಲ್ಲ. ಅದಕ್ಕಿದ್ದ 600 ರೂಪಾಯಿ ಶುಲ್ಕವನ್ನು 2022ರ ಏಪ್ರಿಲ್ 1ರಿಂದ 5,000ಕ್ಕೆ ಏರಿಸಿದರು. ಹೊಸ ಕಾರಿನ ನೋಂದಣಿಗೆ ಮಾತ್ರ ಅದೇ 600 ಉಳಿಯಿತು. 2025ರ ಆಗಸ್ಟಿನಲ್ಲಿ, ಇಪ್ಪತ್ತು ವರ್ಷ ದಾಟಿದ ಕಾರಿಗೆ 10,000 ಎಂದರು. ಪರೀಕ್ಷೆಯಲ್ಲಿ ಗೆದ್ದ ಕಾರೂ ಅಷ್ಟನ್ನು ತೆರಬೇಕು. ಇದು ವಯಸ್ಸಿಗೆ ಹಾಕಿದ ದಂಡವಲ್ಲದೆ ಮತ್ತೇನು?

ಮಾರುತಿಯನ್ನು 'ಜನರ ಕಾರು' ಎಂದು ಹೊಗಳುವ ಮಹಾಶಯರೊಡನೆಯೂ ನನಗೊಂದು ಜಗಳವಿದೆ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಗ್ರಾಹಕನ ಕೈಗೆ ಕೀಲಿ ಕೊಟ್ಟಾಗ ಅದರ ಬೆಲೆ ಸುಮಾರು ಐವತ್ತು ಸಾವಿರ. ನಮ್ಮ ಕೊಪ್ಪಳ ಆಗ ರಾಯಚೂರು ಜಿಲ್ಲೆಯ ಒಂದು ತಾಲ್ಲೂಕು. ಅಷ್ಟು ಹಣವೆಂದರೆ ಇಲ್ಲಿಯ ಶಾಲಾ ಮಾಸ್ತರರ ವರ್ಷಗಟ್ಟಲೆ ಸಂಬಳ. ಇದು ಯಾವ ಜನರ ಕಾರು, ಸ್ವಾಮಿ?

ನಾನು ಕಂಡಂತೆ ಮಾರುತಿ ನಮ್ಮ ಸೀಮೆಯಲ್ಲಿ ಮೊದಲು ಕಾಲೂರಿದ್ದು ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಕಂಡ ಗಂಗಾವತಿಯಲ್ಲಿ. ಅಲ್ಲಿ ಭತ್ತದ ದುಡ್ಡಿತ್ತು. ಅಕ್ಕಿ ಗಿರಣಿಯ ಸಾಹುಕಾರರು ಹೊಸದನ್ನು ಐದಾರು ವರ್ಷ ಓಡಿಸಿ ಬಿಟ್ಟಾಗ ಅದು ಕೊಪ್ಪಳದ ವಕೀಲರ ಮನೆಗೆ ಬಂತು. ವಕೀಲರಿಂದ ಕುಷ್ಟಗಿಯ ಔಷಧಿ ಅಂಗಡಿಗೆ. ಅಲ್ಲಿಂದ ಯಲಬುರ್ಗಾ ಕಡೆಯ, ಮಳೆಯನ್ನೇ ನಂಬಿದ ಒಕ್ಕಲುಮನೆಗೆ. ಹೀಗೆ ನಾಲ್ಕನೆಯ ಕೈಗೆ ಬಂದಾಗ ಅದು ಜನರ ಕಾರಾಯಿತು. ಆ ಕೆಲಸ ಮಾಡಿದವರು ಹಳೆಯದನ್ನು ಕೊಂಡು ಸಾಕಿದವರು. ಕೀರ್ತಿ ಮಾತ್ರ ದಿಲ್ಲಿಗೂ ಸುಜುಕಿಗೂ ಹೋಯಿತು.

ಸಾಕುವುದೂ ಸುಲಭವಿತ್ತೆನ್ನಿ. ಮೂರು ಸಿಲಿಂಡರಿನ ಅದರ 796 ಸಿಸಿ ಎಂಜಿನ್ನು ನಮ್ಮ ಮೇಸ್ತ್ರಿಗಳಿಗೆ ಅಂಗೈ ನೆಲ್ಲಿಕಾಯಿ. ತೂಕ 650 ಕಿಲೋದ ಆಸುಪಾಸು. ಮಳೆಗಾಲದ ಎರೆಮಣ್ಣಿನಲ್ಲಿ ಹೂತರೆ ನಾಲ್ಕು ಜನ ಕೂಡಿ ದಾರಿಗೆ ತರಬಹುದು. ಹಾಗೆ ತಂದವರಲ್ಲಿ ನಾನೂ ಒಬ್ಬ. ಇನ್ನು ಮಾನದ ಮಾತು. 2009ರಲ್ಲಿ ನ್ಯಾನೋ ಬಂದಾಗ ಒಂದು ಲಕ್ಷದ ಕಾರೆಂದು ಡಂಗುರ ಹೊಡೆದರು. ಬಡವನ ಕಾರೆಂಬ ಹೆಸರು ಹೊತ್ತ ಗಾಡಿಯಲ್ಲಿ ಬೀಗರ ಮನೆಗೆ ಹೋಗಲು ಯಾರಿಗೆ ಮನಸ್ಸಾದೀತು? ಹಳೆಯ ಮಾರುತಿಗೆ ಆ ಕಳಂಕವಿರಲಿಲ್ಲ. ಅದು ಸಾಹುಕಾರರ ಮನೆಯಿಂದಲೇ ಬಂದದ್ದಲ್ಲವೇ!

ನನ್ನದು 2004ರ ಗಾಡಿ, ನಾನು ಮೂರನೆಯ ಒಡೆಯ. 2024ರಲ್ಲಿ ಐದು ಸಾವಿರ ಕಟ್ಟಿ ಬಂದಿದ್ದೇನೆ. ಕುಷ್ಟಗಿ ರೈಲು ಕಂಡದ್ದೇ 2025ರಲ್ಲಿ; ನಮ್ಮ ಹಳ್ಳಿಗೆ ರಾತ್ರಿ ಹತ್ತರ ಮೇಲೆ ಬಸ್ಸು ಇಂದಿಗೂ ಇಲ್ಲ. ಹೆರಿಗೆ ನೋವು ಬಸ್ಸಿನ ವೇಳೆ ನೋಡಿ ಬರುವುದಿಲ್ಲ. ನೆರೆಮನೆಯವರಿಗಾಗಿ ಮೂರು ಸಲ ಈ ಕಾರು ನಡುರಾತ್ರಿ ಕೊಪ್ಪಳದ ಆಸ್ಪತ್ರೆಗೆ ಹೋಗಿದೆ. ಒಮ್ಮೆಯೂ ದಾರಿಯಲ್ಲಿ ನಿಲ್ಲಲಿಲ್ಲ.

ಇದರಲ್ಲಿ ಏರ್‌ಬ್ಯಾಗಿಲ್ಲ, ಲಾರಿಗೆ ಎದುರಾದರೆ ತಗಡು ಮುದ್ದೆಯಾದೀತು ಎನ್ನುತ್ತಾರೆ. ನಿಜ. ಕೆಟ್ಟ ಎಂಜಿನ್ನಿನ ಹೊಗೆ ಮಕ್ಕಳ ಎದೆಗಿಳಿಯುತ್ತದೆ ಎನ್ನುತ್ತಾರೆ. ಅದೂ ನಿಜವೇ; ಅಲ್ಲಗಳೆಯಲಾರೆ. ಆದರೆ ಇದನ್ನು ಬಿಟ್ಟವನು ಮರುದಿನ ಹೊಸ ಕಾರು ಹತ್ತುತ್ತಾನೆಂದು ತಿಳಿದವರು ಒಂದು ಸಂತೆಯ ದಿನ ಯಲಬುರ್ಗಾದ ರಸ್ತೆಯಲ್ಲಿ ನಿಂತು ನೋಡಲಿ. ಅವನು ಹತ್ತುವುದು ಮೋಟಾರ್ ಸೈಕಲ್ಲು: ಮುಂದೆ ಮಗ, ಹಿಂದೆ ಹೆಂಡತಿ, ಅವಳ ಮಡಿಲಲ್ಲಿ ಕೂಸು. ಅಲ್ಲಿ ಏರ್‌ಬ್ಯಾಗ್ ಎಲ್ಲಿದೆ?

ಹೊಗೆಯ ಮಾತು ಬಂತೆಂದು ಇನ್ನೊಂದನ್ನು ಹೇಳುತ್ತೇನೆ. 2010ರ ಏಪ್ರಿಲಿನಲ್ಲಿ ಬೆಂಗಳೂರೂ ಸೇರಿ 13 ನಗರಗಳಿಗೆ ಹೊಗೆಯ ಹೊಸ ಮಿತಿ ಬಂದಿತು. ಅಲ್ಲಿ ಈ ಕಾರಿನ ಮಾರಾಟ ನಿಂತಿತು. ನಮ್ಮಂಥ ಊರುಗಳಲ್ಲಿ ಮಾತ್ರ ನಡೆದೇ ಇತ್ತು. ತಯಾರಿಕೆ ಕೊನೆಗೊಂಡದ್ದು 2014ರ ಜನವರಿಯಲ್ಲಿ. ಬೆಂಗಳೂರಿಗೆ ಸಲ್ಲದ ಕಾರು ಕೊಪ್ಪಳಕ್ಕೆ ಸಲ್ಲುತ್ತದೆಂದು ಆಗ ಕಾಯಿದೆಯೇ ಒಪ್ಪಿತ್ತು. ಆ ಕೊನೆಯ ಕಾರುಗಳಿಗೆ 2029ರಲ್ಲಿ ಹದಿನೈದು ತುಂಬಿದಾಗ ಅದೇ ಕಾಯಿದೆ ನಮ್ಮ ಜೇಬಿಗೆ ಕೈ ಹಾಕುತ್ತದೆ.

ಪರೀಕ್ಷೆ ಬೇಡವೆಂದು ನಾನು ಹೇಳುತ್ತಿಲ್ಲ. ಇನ್ನಷ್ಟು ಬಿಗಿಯಾಗಿ ಮಾಡಲಿ. ಬ್ರೇಕು ನೋಡಲಿ, ಸ್ಟೇರಿಂಗು ನೋಡಲಿ, ಹೊಗೆ ಅಳೆಯಲಿ, ಕೆಳಗೆ ಬಗ್ಗಿ ತಳದ ತುಕ್ಕು ಕೆರೆದು ನೋಡಲಿ. ಸೋತರೆ ಗುಜರಿಗೆ ನಾನೇ ಒಯ್ದು ಬಿಟ್ಟುಬರುತ್ತೇನೆ. ಗೆದ್ದರೆ, ಹೊಸ ಕಾರಿನವನು ಕೊಟ್ಟ 600 ರೂಪಾಯಿಯನ್ನೇ ನನ್ನಿಂದಲೂ ತೆಗೆದುಕೊಳ್ಳಲಿ. ನನ್ನ ಗಾಡಿಯ ಸರದಿಯೂ 2029ಕ್ಕೇ ಇದೆ. ಅಷ್ಟರೊಳಗೆ ನಿಯಮ ತಿದ್ದಲು ಸಾಕಷ್ಟು ಸಮಯವಿದೆ.