ಹಳೇ ಮನೆಯ ಅರ್ತಿಂಗು: ಹೊಣೆ ಯಾರದ್ದು ಸ್ವಾಮಿ?

"ಚಪ್ಪಲಿ ಹಾಕ್ಕೊಂಡು ಫ್ರಿಜ್ಜು ಮುಟ್ರಿ, ಸ್ವಲ್ಪ ಜುಂ ಅಂತದೆ."

ಹುಂಚದ ಸುತ್ತಮುತ್ತ, ಇತ್ತ ರಿಪ್ಪನ್‌ಪೇಟೆ, ಅತ್ತ ಕೋಣಂದೂರು ಕಡೆ ಹಳೇ ಮನೆ, ಹಳೇ ಅಂಗಡಿಗೆ ಹೋಗುವವರಿಗೆ ಈ ಮಾತು ಹೊಸದಲ್ಲ. ಹೇಳುವವರ ಮುಖದಲ್ಲಿ ಗಾಬರಿಯೇ ಇರುವುದಿಲ್ಲ. ಸೋರುವ ಹೆಂಚಿನ ಕೆಳಗೆ ಪಾತ್ರೆ ಇಟ್ಟ ಹಾಗೆ, ಜುಂ ಅನ್ನುವ ಫ್ರಿಜ್ಜಿನ ಮುಂದೆ ಒಂದು ಜೊತೆ ಹವಾಯಿ ಚಪ್ಪಲಿ! ಫ್ರಿಜ್ಜಿನ ಮೈಗೆ ಇಳಿದ ಕರೆಂಟು ಭೂಮಿಗೆ ಹೋಗಲು ದಾರಿ ಕಾಣದೆ, ಯಾರಾದರೂ ಬರಿಗಾಲಲ್ಲಿ ಬಂದು ಮುಟ್ಟಲಿ ಅಂತ ಕಾಯುತ್ತಿದೆ ಎಂಬುದೇ ಆ ಜುಂ ಅನ್ನೋದರ ಅರ್ಥ.

ಈ ಮನೆಗಳಿಗೆ ಕರೆಂಟು ಬಂದದ್ದು ಕೆ.ಇ.ಬಿ. ಕಾಲದಲ್ಲಿ. ಮಣ್ಣಿನ ಗೋಡೆಗೆ ಮರದ ರೀಪು ಹೊಡೆದು ಅದರ ಮೇಲೆ ವೈರು ಎಳೆದಿದ್ದರು. ನಾಲ್ಕು ಬಲ್ಬು, ಒಂದು ರೇಡಿಯೋ; ಎರಡು ಪಿನ್ನಿನ ಪ್ಲಗ್ಗು ಧಾರಾಳ ಸಾಕಿತ್ತು. ಬಚ್ಚಲಲ್ಲಿ ತಾಮ್ರದ ಹಂಡೆ, ಅಡಿಗೆ ಸೌದೆ. ಈಗ ಅದೇ ಬಚ್ಚಲಲ್ಲಿ ಗೀಸರು, ಪಕ್ಕದಲ್ಲಿ ವಾಷಿಂಗ್ ಮೆಶಿನ್ನು, ಅಂಗಳದಲ್ಲಿ ಅಡಿಕೆ ಸುಲಿಯುವ ಮೆಶಿನ್ನು. ಎಷ್ಟೋ ಮನೆಯಲ್ಲಿ ವೈರು ಮಾತ್ರ ಅಜ್ಜನ ಕಾಲದ್ದೇ. ಮೂರು ಪಿನ್ನಿನ ಸಾಕೆಟ್ ಕೂರಿಸಿರುತ್ತಾರೆ ನಿಜ, ಮೇಲಿನ ದಪ್ಪ ತೂತಿನ ಹಿಂದೆ ತಂತಿಯೇ ಇರುವುದಿಲ್ಲ.

ಹಾಗಾದರೆ ಅರ್ತಿಂಗು ಯಾರು ಮಾಡಿಸಬೇಕು? ಮನೆಯವರನ್ನು ಕೇಳಿದರೆ "ಕರೆಂಟಿನವರದ್ದು" ಅಂತಾರೆ. ಕರೆಂಟಿನವರನ್ನು ಕೇಳಿದರೆ "ಮೀಟರಿನಿಂದ ಈಚೆ ನಿಮ್ಮದು" ಅನ್ನುವುದು ವಾಡಿಕೆ. ಇಬ್ಬರ ಮಾತೂ ಅರ್ಧರ್ಧ ಸರಿ.

1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿ 33ನೇ ನಿಯಮ ಅಂತ ಒಂದಿತ್ತು. ಕರೆಂಟು ಕೊಡುವವರು ಗ್ರಾಹಕನ ಜಾಗದಲ್ಲಿ, ಸರ್ವಿಸ್ ಶುರುವಾಗುವ ಕಡೆ, ಕೈಗೆ ಸಿಗುವಂತೆ ಒಂದು ಅರ್ತ್ ಟರ್ಮಿನಲ್ ಕೊಡಬೇಕು. ಕೊಟ್ಟು ಕೈತೊಳೆದುಕೊಳ್ಳುವುದಲ್ಲ, ಅದನ್ನು ಸುಸ್ಥಿತಿಯಲ್ಲೂ ಇಡಬೇಕು. ಕೂರಿಸಿದ ಖರ್ಚನ್ನು ಗ್ರಾಹಕನಿಂದ ವಸೂಲು ಮಾಡಬಹುದು, ಅದು ಬೇರೆ ಮಾತು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಾವಳಿಯಲ್ಲೂ, ಅದರ ಜಾಗಕ್ಕೆ ಬಂದ 2023ರ ನಿಯಮಾವಳಿಯಲ್ಲೂ ಈ ಮಾತು ಉಳಿದಿದೆ. ಕೆ.ಇ.ಬಿ. 1999ರಲ್ಲಿ ಕೆ.ಪಿ.ಟಿ.ಸಿ.ಎಲ್. ಆಯಿತು, 2002ರಲ್ಲಿ ನಮ್ಮ ಸೀಮೆ ಮೆಸ್ಕಾಂ ಪಾಲಿಗೆ ಬಂತು. ಬೋರ್ಡು ಬದಲಾದರೂ ಹೊಣೆ ಬದಲಾಗಿಲ್ಲ.

ಆ ಟರ್ಮಿನಲ್ಲಿನಿಂದ ಒಳಗಿನ ತಂತಿ, ಸಾಕೆಟ್, ಗೀಸರಿನ ಮೈಯವರೆಗೆ ಎಲ್ಲಾ ಮನೆ ಮಾಲೀಕನದ್ದೇ. ಕೆಲಸ ಮಾಡುವವನಿಗೆ ಲೈಸೆನ್ಸ್ ಇರಬೇಕು. ತ್ರೀ ಫೇಸ್ ಪಂಪ್‌ಸೆಟ್ ಇಟ್ಟ ತೋಟದವರು ತಮ್ಮದೇ ಬೇರೆ ಅರ್ತ್ ಕೂಡ ಹಾಕಿಸಬೇಕು.

ಕಾಗದದ ಮೇಲೆ ಇಷ್ಟು ಚೊಕ್ಕಟ. ಈಗ ಅಂಗಳಕ್ಕೆ ಬನ್ನಿ.

ಹಿಂದೆ ಎಷ್ಟೋ ಕಡೆ ಮಿಸ್ತ್ರಿಗಳು ಸುಲಭದ ದಾರಿ ಹಿಡಿದಿದ್ದರು. ಬಾವಿಗಿಳಿದ ಕಬ್ಬಿಣದ ಪೈಪಿಗೋ ನಲ್ಲಿ ಪೈಪಿಗೋ ಒಂದು ತಂತಿ ಸುತ್ತಿದರೆ ಅದೇ ಅರ್ತಿಂಗು. ಕಬ್ಬಿಣ ಇರುವವರೆಗೆ ಹೇಗೋ ನಡೀತು. ಆಮೇಲೆ ಬಾವಿಗೆ ಕರೀ ಪ್ಲಾಸ್ಟಿಕ್ ಪೈಪು ಬಂತು, ಪಂಚಾಯ್ತಿ ನಲ್ಲಿಗೂ ಪ್ಲಾಸ್ಟಿಕ್ಕೇ ಬಂತು. ಪೈಪು ಬದಲಾಯಿಸಿದವನು ನೀರಿನ ಕೆಲಸದವನು. ಅವನಿಗೆ ಅರ್ತಿನ ಚಿಂತೆ ಯಾಕೆ? ಆ ದಿನ ಮನೆಯ ಅರ್ತು ಸತ್ತದ್ದು ಯಾರಿಗೂ ತಿಳಿಯಲಿಲ್ಲ. ತಂತಿ ಇವತ್ತಿಗೂ ಪ್ಲಾಸ್ಟಿಕ್ಕಿಗೆ ಸುತ್ತಿಕೊಂಡೇ ಇರಬಹುದು, ಹೋಗಿ ನೋಡಿ.

ಇನ್ನು ಕೆಲವರದ್ದು ಬುದ್ಧಿವಂತಿಕೆ. ಅರ್ತಿನ ಪಿನ್ನನ್ನು ನ್ಯೂಟ್ರಲ್ಲಿಗೇ ಜೋಡಿಸಿಬಿಡುತ್ತಾರೆ. ಮಳೆಗಾಲದಲ್ಲಿ ಮರದ ಕೊಂಬೆ ಬಿದ್ದು ಕಂಬದ ನ್ಯೂಟ್ರಲ್ ತಂತಿ ಕಡಿದರೆ ಮನೆಯ ಫ್ರಿಜ್ಜು, ಮಿಕ್ಸಿ, ಗೀಸರು ಎಲ್ಲದರ ಮೈಗೂ ಕರೆಂಟು ಬರುತ್ತದೆ.

ಅಂಗಳದಲ್ಲಿ ಪೈಪು ಹೂತು ಇದ್ದಿಲು, ಉಪ್ಪು ಹಾಕಿದರೆ ಮುಗೀತಾ? ಅದೂ ಇಲ್ಲ. ನಮ್ಮದು ಜಂಬಿಟ್ಟಿಗೆ ನೆಲ. ಆಷಾಢದಲ್ಲಿ ಒದ್ದೆ, ಏಪ್ರಿಲ್ಲಿನಲ್ಲಿ ಒಣ ಕಲ್ಲು. ಒಣಗಿದಾಗ ಅರ್ತಿನ ತಡೆ 40 ಓಮ್‌ಗೆ ಏರಿತು ಅಂದುಕೊಳ್ಳಿ. 230 ವೋಲ್ಟಿಗೆ ಹರಿಯುವುದು 6 ಆಂಪಿಯರ್ ಕೂಡ ಇಲ್ಲ. ಕಟೌಟಿನಲ್ಲಿರುವ 15 ಆಂಪಿಯರ್ ಫ್ಯೂಸ್ ತಂತಿ ಯಾಕೆ ಕರಗೀತು? ಫ್ಯೂಸು ಹಾಗೇ ಇರುತ್ತೆ, ಗೀಸರಿನ ಮೈಯಲ್ಲಿ ಕರೆಂಟೂ ಹಾಗೇ ಇರುತ್ತೆ. ಅದಕ್ಕೇ 30 ಮಿಲಿಆಂಪಿಯರ್ ಸೋರಿದರೆ ಬೀಳುವ ಆರ್.ಸಿ.ಸಿ.ಬಿ. ಬೇಕು ಅನ್ನೋದು. ಹಳೇ ವೈರಿಂಗಿಗೆ ಅದನ್ನು ಹಾಕಿದರೆ ಪದೇ ಪದೇ ಬೀಳುತ್ತದೆ. ಬೇಜಾರಾಗಿ ತೆಗೆಸಿದವರೂ ಉಂಟು. ಬೀಳುತ್ತಿದೆ ಅಂದರೆ ಗೋಡೆಯೊಳಗೆಲ್ಲೋ ಸೋರುತ್ತಿದೆ ಅಂತ ಲೆಕ್ಕ ಮಾರಾಯ್ರೆ, ದೂರು ಹೇಳುವ ನಾಲಗೆಯನ್ನೇ ಕೊಯ್ದರೆ ಹೇಗೆ?

ಜೀವ ಹೋದಾಗಲೇ ಈ ಗೆರೆಯ ಬೆಲೆ ಗೊತ್ತಾಗೋದು. ರಸ್ತೆಯಲ್ಲಿ ಹರಿದು ಬಿದ್ದ ತಂತಿ ತುಳಿದು ಸತ್ತರೆ, ತಪ್ಪು ಯಾರದ್ದೇ ಇರಲಿ, ಪರಿಹಾರ ಕರೆಂಟು ಕೊಡುವವರೇ ಕೊಡಬೇಕು ಎಂದು ಸುಪ್ರೀಂ ಕೋರ್ಟು 2002ರಲ್ಲಿ ಮಧ್ಯಪ್ರದೇಶದ ಶೈಲಕುಮಾರಿ ಪ್ರಕರಣದಲ್ಲಿ ಹೇಳಿದೆ. ಬಚ್ಚಲಲ್ಲಿ ಸತ್ತರೆ ಮಾತು ಬೇರೆ. ವಿದ್ಯುತ್ ಪರಿವೀಕ್ಷಕರು ಬಂದು ನೋಡುತ್ತಾರೆ, ದೋಷ ಒಳಗಿನ ವೈರಿಂಗಿನದ್ದು ಎಂದಾದರೆ ಮನೆಯವರ ಕೈಗೆ ಏನೂ ದಕ್ಕುವುದು ಕಷ್ಟ.

ಆ "ಮನೆಯವರು" ಯಾರು ಅನ್ನೋದು ಇನ್ನೊಂದು ರಾಮಾಯಣ. ಆರ್.ಆರ್. ನಂಬರು ತೀರಿಹೋದ ಅಜ್ಜನ ಹೆಸರಲ್ಲಿ, ಪಾಲು ಬೆಂಗಳೂರಿನಲ್ಲಿ, ಒಳಗಿರುವವನು ಬಾಡಿಗೆಯವ. 2023ರ ಆಗಸ್ಟಿನಲ್ಲಿ ಗೃಹಜ್ಯೋತಿ ಬಂದ ಮೇಲೆ ಸೊನ್ನೆ ಬಿಲ್ಲಿನ ಮನೆಗಳಲ್ಲಿ ಬೋರ್ಡಿನ ಕಡೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಬಾಡಿಗೆ ಎಣಿಸಿಕೊಳ್ಳುವವನೇ ಅಂಗಳ ಅಗೆಸಬೇಕು. ಬಾಡಿಗೆಯವ ಕೇಳಿದರೆ "ಬೇರೆ ಮನೆ ನೋಡ್ಕೊ" ಅನ್ನುವುದು ಮಾಲೀಕರ ಲಕ್ಷಣ ಅಲ್ಲ. ಮೀಟರು ಬದಲಾಯಿಸಲು ಸಿಬ್ಬಂದಿ ಹೇಗೂ ಮನೆಗೆ ಬರುತ್ತಾರಲ್ಲ, ಆವತ್ತೇ ಟರ್ಮಿನಲ್ ಇದೆಯೋ ಇಲ್ಲವೋ ಪರೀಕ್ಷಿಸಿ ಬರೆದುಕೊಡುವ ಪದ್ಧತಿ ಆಗಬೇಕು. ಪೈಪು ತೆಗೆಯುವ ಪಂಚಾಯ್ತಿಯೂ ಮೊದಲೇ ಒಂದು ಮಾತು ಹೇಳಬೇಕು.

ಲಿಂಗನಮಕ್ಕಿಗೆ ಊರೂರನ್ನೇ ಬಿಟ್ಟುಕೊಟ್ಟ ಸೀಮೆ ನಮ್ಮದು, ಒಂದು ಟರ್ಮಿನಲ್ ಕೇಳಲು ಸಂಕೋಚ ಬೇಡ. ಸೆಕ್ಷನ್ ಆಫೀಸಿಗೆ ಬರವಣಿಗೆಯಲ್ಲೇ ಕೊಡಿ, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ಪರಿವೀಕ್ಷಕರು ಬಂದು "ಮೊದಲೇ ಹೇಳಿದ್ರಾ?" ಅಂದರೆ ತೋರಿಸಲು ಆ ಚೀಟಿ ಬೇಕಾಗುತ್ತದೆ.